ಬಾಂಬಿಗೆ ಒಗ್ಗದ ಅಣು ಇಂಧನ: ಹಾಸನದ ಒಂದು ಸಂಜೆ ತರಗತಿಯ ವಿಮರ್ಶೆ

ವಿದ್ಯುತ್ ತಯಾರಿಸಲೆಂದು ರಿಯಾಕ್ಟರಿಗೆ ತುಂಬುವ ಇಂಧನವನ್ನು ಬಾಂಬಿನ ಕಡೆಗೆ ತಿರುಗಿಸಲು ಆದಷ್ಟು ಕಷ್ಟವಾಗುವಂತೆ ಮೊದಲೇ ರೂಪಿಸಬಹುದೇ? ಈ ಒಂದೇ ಪ್ರಶ್ನೆಯನ್ನು ಹಿಡಿದು ಈ ಮಳೆಗಾಲದಲ್ಲಿ ಹಾಸನದಲ್ಲಿ ವಾರಾಂತ್ಯದ ಸಂಜೆ ತರಗತಿಗಳ ಮಾಲೆಯೊಂದು ನಡೆಯಿತು. ಸಾಲಗಾಮೆ ರಸ್ತೆಯ ಬದಿಯಲ್ಲಿ ಬಾಡಿಗೆಗೆ ಹಿಡಿದ ಸಭಾಂಗಣ, ತಲೆಗೆ 300 ರೂಪಾಯಿ ಶುಲ್ಕ, ವಿದ್ಯಾರ್ಥಿಗಳಿಗೆ 100 ರೂಪಾಯಿ, ಪಾಠ ಪೂರ್ತಿ ಕನ್ನಡದಲ್ಲಿ. ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು, ಪಿಯುಸಿ ಹುಡುಗ ಹುಡುಗಿಯರು, ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ ದುಡಿದು ನಿವೃತ್ತರಾದವರು, ಸಕಲೇಶಪುರದ ಕಡೆಯ ಕೆಲವು ಬೆಳೆಗಾರರು ಬಂದಿದ್ದರು. ಇಂಥ ವಿಷಯಕ್ಕೆ ನಮ್ಮೂರಿನಲ್ಲಿ ಕುರ್ಚಿ ತುಂಬುತ್ತದೆ ಎಂಬುದೇ ನನಗೆ ಸಂತೋಷದ ಸಂಗತಿ. ಮುಂದಿನ ಸರಣಿಗೆ ಸೇರಬೇಕೆಂದಿರುವವರಿಗೆ ನೆರವಾಗಲೆಂದೂ, ನಡೆಸುವವರು ತಿದ್ದಿಕೊಳ್ಳಲೆಂದೂ ಇದನ್ನು ಬರೆಯುತ್ತಿದ್ದೇನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಭೌತಶಾಸ್ತ್ರದ ಪಾಠ ಬಹಳ ಚೆನ್ನಾಗಿತ್ತು. ಇಂಧನಗಳನ್ನು ಒಂದಕ್ಕೊಂದು ಹೋಲಿಸಿ ಅಂಕ ಕೊಟ್ಟ ರೀತಿ ಮಾತ್ರ ದಾರಿ ತಪ್ಪಿಸುವಂಥದ್ದು. ಇಂಧನ ಬಾಂಬಿನ ಕಡೆ ತಿರುಗದಂತೆ ಕಾಯುವ ತಪಾಸಣೆಯ ವ್ಯವಸ್ಥೆಗೆ ಕೊಟ್ಟ ಸಮಯ ತೀರಾ ಕಡಿಮೆ, ನಮ್ಮದೇ ರಾಜ್ಯದ ಸ್ಥಾವರದ ಪ್ರಶ್ನೆ ಬಂದಾಗ ಮಾತು ಬೇರೆ ಕಡೆ ಹೊರಳಿತು. ಇಷ್ಟಾದರೂ ಹಣ ಮತ್ತು ಸಮಯ ಎರಡೂ ಸಾರ್ಥಕವಾದವು ಎಂದೇ ನನ್ನ ಭಾವನೆ.

ಮೊದಲ ಸಂಜೆಯ ಮಣಿಗಳ ಪ್ರಯೋಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಗಲವಾದ ತಟ್ಟೆಯೊಂದರಲ್ಲಿ ಒಂದು ಸಾವಿರ ಗಾಜಿನ ಮಣಿಗಳಿದ್ದವು. ಅವುಗಳಲ್ಲಿ ಏಳು ಕೆಂಪು, ಉಳಿದವು ಬೂದು ಬಣ್ಣದವು. ಗಣಿಯಿಂದ ಬರುವ ಯುರೇನಿಯಂನಲ್ಲಿ ಸುಲಭವಾಗಿ ವಿದಳನಗೊಳ್ಳುವ, ಅಂದರೆ ಒಡೆದು ಶಕ್ತಿ ಬಿಡುವ, ಯುರೇನಿಯಂ-235ರ ಪಾಲು ಶೇ 0.7ರಷ್ಟು ಮಾತ್ರ, ಉಳಿದದ್ದು ಹೆಚ್ಚುಕಡಿಮೆ ಎಲ್ಲ ಯುರೇನಿಯಂ-238 ಎಂಬುದನ್ನು ಕಣ್ಣಿಗೆ ಕಾಣಿಸುವ ಏರ್ಪಾಡು ಇದು. ಪಿಯುಸಿಯ ಇಬ್ಬರು ಹುಡುಗಿಯರನ್ನು ಕರೆದು ಬೂದು ಮಣಿಗಳನ್ನು ತೆಗೆಯುತ್ತಾ ಹೋಗಲು ಹೇಳಿದರು. ಸಾಮಾನ್ಯ ವಿದ್ಯುತ್ ರಿಯಾಕ್ಟರುಗಳಿಗೆ ಬೇಕಾಗುವ ಶೇ 5ರ ಮಟ್ಟ ಬರಬೇಕಾದರೆ ತಟ್ಟೆಯಲ್ಲಿ 140 ಮಣಿ ಉಳಿಯಬೇಕು, ಅಂದರೆ 860 ಮಣಿ ಹೊರಗೆ ಹೋಗಬೇಕು. ಅವರು ತೆಗೆದೂ ತೆಗೆದೂ ಸಾಕಾದ ಮೇಲೆ ಉಪನ್ಯಾಸಕರು ಶೇ 20ಕ್ಕೆ ಬನ್ನಿ ಎಂದರು. ಇನ್ನೂ 105 ತೆಗೆದಾಗ 35 ಉಳಿದವು. ಕೊನೆಗೆ ಬಾಂಬಿಗೆ ಬೇಕಾದ ಶೇ 90ರ ಹತ್ತಿರಕ್ಕೆ ಹೋಗಿ ಎಂದಾಗ ತೆಗೆಯಬೇಕಾದದ್ದು ಕೇವಲ 27 ಮಣಿ. ಎಂಟು ಮಣಿ ಉಳಿದವು, ಅದರಲ್ಲಿ ಏಳು ಕೆಂಪು. ಸಭಾಂಗಣದಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಹೀಗೆ 235ರ ಪಾಲು ಹೆಚ್ಚಿಸುವ ನಿಜವಾದ ಸಂವರ್ಧನೆ, ಗಿರ್ರನೆ ತಿರುಗುವ ಸೆಂಟ್ರಿಫ್ಯೂಜು ಯಂತ್ರಗಳ ಸಾಲುಗಳಲ್ಲಿ ಅನಿಲ ರೂಪದಲ್ಲಿ ನಡೆಯುತ್ತದೆ, ತ್ಯಾಜ್ಯದಲ್ಲೂ ಒಂದಿಷ್ಟು 235 ಉಳಿದುಹೋಗುತ್ತದೆ, ಆದ್ದರಿಂದ ಈ ಎಣಿಕೆ ಯಂತ್ರದ ಕೆಲಸಕ್ಕೆ ಸರಿಸಮ ಆಗುವುದಿಲ್ಲ ಎಂದು ಅವರೇ ಎಚ್ಚರಿಸಿದರು. ಆದರೆ ಶೇ 20 ಮುಟ್ಟುವ ಹೊತ್ತಿಗೆ ಬಾಂಬಿನ ದಾರಿಯ ಬಹುಪಾಲು ಶ್ರಮ ಮುಗಿದಿರುತ್ತದೆ ಎಂಬ ಮಾತು ನಿಜ. ಪತ್ರಿಕೆಗಳಲ್ಲಿ ‘ಶೇ 20’ ಎಂಬ ಅಂಕಿ ಏಕೆ ಅಷ್ಟು ಸದ್ದು ಮಾಡುತ್ತದೆ ಎಂಬುದು ಆ ಹುಡುಗಿಯರಿಗೆ ಇನ್ನು ಮರೆಯುವುದಿಲ್ಲ.

ಇದೇ ತಟ್ಟೆಯಲ್ಲಿ ಹಿಮ್ಮುಖ ಪ್ರಯೋಗವನ್ನೂ ಮಾಡಿಸಿದರು. ಎಂಟು ಮಣಿಗೆ ಬೂದು ಮಣಿಗಳನ್ನು ಮತ್ತೆ ಸುರಿದರೆ ಬಾಂಬಿನ ವಸ್ತು ಇಂಧನವಾಗುತ್ತದೆ. 1993ರಲ್ಲಿ ಅಮೆರಿಕ ಮತ್ತು ರಷ್ಯ ಮಾಡಿಕೊಂಡ ಒಪ್ಪಂದದ ಪ್ರಕಾರ 2013ರ ತನಕ ರಷ್ಯದ ಸಿಡಿತಲೆಗಳಿಂದ ತೆಗೆದ 500 ಟನ್ ಉನ್ನತ ಸಂವರ್ಧಿತ ಯುರೇನಿಯಂ ಹೀಗೆ ತೆಳುವಾಗಿ ಅಮೆರಿಕದ ವಿದ್ಯುತ್ ಸ್ಥಾವರಗಳಲ್ಲಿ ಉರಿಯಿತು. ನಮ್ಮ ಟ್ರಾಂಬೆಯ ಅಪ್ಸರಾ ರಿಯಾಕ್ಟರಿನ ಕಥೆಯೂ ಇದೇ ದಿಕ್ಕಿನದು: 1956ರಲ್ಲಿ ಬ್ರಿಟನ್ನಿನಿಂದ ಬಂದ ಉನ್ನತ ಸಂವರ್ಧಿತ ಇಂಧನದಿಂದ ಶುರುವಾದದ್ದು, 2018ರಲ್ಲಿ ಅಪ್ಸರಾ-ಯು ಎಂಬ ಹೊಸ ರೂಪದಲ್ಲಿ ಕಡಿಮೆ ಸಂವರ್ಧನೆಯ ಯುರೇನಿಯಂ ಸಿಲಿಸೈಡ್ ಇಂಧನದೊಂದಿಗೆ ಮತ್ತೆ ಚಾಲೂ ಆಯಿತು. ಈ ಎರಡು ಉದಾಹರಣೆಗಳನ್ನು ಅಕ್ಕಪಕ್ಕ ಇಟ್ಟದ್ದು ಜಾಣತನ. ಇಂಧನದ ಸ್ವರೂಪ ಬದಲಿಸಿ ಅಪಾಯ ತಗ್ಗಿಸುವ ಕೆಲಸ ಎಲ್ಲೋ ಪ್ರಯೋಗಶಾಲೆಯ ಕನಸಾಗಿ ಉಳಿಯದೆ ನಡೆದುಹೋದ ಸಂಗತಿಯೆಂದು ಇದರಿಂದ ಮನದಟ್ಟಾಯಿತು.

ಎರಡನೆಯ ಪಾಠಕ್ಕೆ ಭಾರಜಲ (ತೂಕದ ಹೈಡ್ರೋಜನ್ ಇರುವ ನೀರು) ಬಳಸುವ ರಿಯಾಕ್ಟರಿನ ಇಂಧನ ಬಂಡಲಿನ ಮಾದರಿಯೊಂದನ್ನು ತಂದಿದ್ದರು. ಅರ್ಧ ಮೀಟರ್ ಉದ್ದ, ಎಂಟು ಸೆಂಟಿಮೀಟರ್ ಅಡ್ಡಗಲ, ಹತ್ತೊಂಬತ್ತು ಕಡ್ಡಿಗಳ ಕಟ್ಟು. ಅಲ್ಯೂಮಿನಿಯಂ ಕೊಳವೆಗಳಿಂದ ಮಾಡಿದ ಮಾದರಿ ಹಗುರವಾಗಿತ್ತು. ನಿಜವಾದದ್ದು ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳ ಒಳಗೆ ಯುರೇನಿಯಂ ಡೈಆಕ್ಸೈಡಿನ ಗುಳಿಗೆಗಳನ್ನು ತುಂಬಿಕೊಂಡು 15 ಕೆ.ಜಿ. ಮೀರಿ ತೂಗುತ್ತದೆ. ಕೈಗಾದಲ್ಲಿರುವಂಥ 220 ಮೆಗಾವ್ಯಾಟ್ ರಿಯಾಕ್ಟರಿನಲ್ಲಿ 306 ಅಡ್ಡ ಕೊಳವೆಗಳು, ಒಂದೊಂದರಲ್ಲೂ ಹನ್ನೆರಡು ಬಂಡಲುಗಳು. ಬಂಡಲು ಕೈಯಿಂದ ಕೈಗೆ ದಾಟಿ ಹಿಂದಿನ ಸಾಲಿನ ತನಕ ಹೋಗಿಬಂತು. ಎಲ್ಲರೂ ಅದನ್ನು ತಿರುಗಿಸಿ ನೋಡಿದ ಮೇಲೆ ಉಪನ್ಯಾಸಕರು ಎರಡು ಸಂಗತಿ ಹೇಳಿದರು. ಒಂದು, ಇದರ ಒಳಗಿರುವುದು ಸಂವರ್ಧನೆ ಮಾಡದ ನೈಸರ್ಗಿಕ ಯುರೇನಿಯಂ. ಹೊಸ ಬಂಡಲನ್ನು ಯಾರಾದರೂ ಕದ್ದೊಯ್ದರೂ ಬಾಂಬಿನ ದೃಷ್ಟಿಯಿಂದ ಅದು ಗಣಿಯ ಯುರೇನಿಯಂಗಿಂತ ಹೆಚ್ಚಿನದೇನೂ ಅಲ್ಲ. ಎರಡು, ಈ ರಿಯಾಕ್ಟರನ್ನು ನಿಲ್ಲಿಸದೆಯೇ ಬಂಡಲುಗಳನ್ನು ಒಂದು ತುದಿಯಿಂದ ತಳ್ಳಿ ಇನ್ನೊಂದು ತುದಿಯಿಂದ ಹೊರತೆಗೆಯಬಹುದು. ಕೈಗಾದ ಮೊದಲನೆಯ ಘಟಕ 2018ರ ಡಿಸೆಂಬರ್ ಕೊನೆಯ ತನಕ 962 ದಿನ ಒಂದೇ ಸಮನೆ ಓಡಿ ದಾಖಲೆ ಮಾಡಿದ್ದು ಈ ಅನುಕೂಲದಿಂದಲೇ.

ಆದರೆ ಅದೇ ಅನುಕೂಲದಲ್ಲಿ ಅಪಾಯವೂ ಇದೆ. ಯುರೇನಿಯಂ-238 ನ್ಯೂಟ್ರಾನನ್ನು ನುಂಗಿ ಕೆಲವೇ ದಿನಗಳಲ್ಲಿ ಪ್ಲುಟೋನಿಯಂ-239 ಆಗುತ್ತದೆ. ಇಂಧನ ಹೆಚ್ಚು ಕಾಲ ರಿಯಾಕ್ಟರಿನಲ್ಲಿ ಉಳಿದಷ್ಟೂ ಆ ಪ್ಲುಟೋನಿಯಂ ಇನ್ನಷ್ಟು ನ್ಯೂಟ್ರಾನುಗಳನ್ನು ನುಂಗಿ 240, 241, 242 ಎಂಬ ಸಮಸ್ಥಾನಿಗಳಾಗಿ, ಅಂದರೆ ಅದೇ ಧಾತುವಿನ ಬೇರೆ ತೂಕದ ರೂಪಗಳಾಗಿ, ಕಲಬೆರಕೆಯಾಗುತ್ತದೆ. ಶಸ್ತ್ರ ದರ್ಜೆಯ ಪ್ಲುಟೋನಿಯಂನಲ್ಲಿ 240ರ ಪಾಲು ಶೇ 7ಕ್ಕಿಂತ ಕಡಿಮೆ ಇರುತ್ತದೆ. ಪೂರ್ತಿ ಉರಿದ ಇಂಧನದಲ್ಲಿ ಅದು ಶೇ 20 ದಾಟುವುದು ಸಾಮಾನ್ಯ. ಬಂಡಲನ್ನು ಬೇಗ ಹೊರತೆಗೆಯಬಲ್ಲ ಯಂತ್ರದಲ್ಲಿ, ಹಾಗೆ ತೆಗೆಯುವ ಮನಸ್ಸಿರುವವನಿಗೆ, ಶುದ್ಧ ಪ್ಲುಟೋನಿಯಂ ಸಿಗುವುದು ಕಷ್ಟವಲ್ಲ. ಹೊಸದಾಗಿರುವಾಗ ಅತ್ಯಂತ ನಿರಪಾಯಕಾರಿಯಾದ ಇಂಧನವೇ ಅರೆ ಉರಿದಾಗ ಅತ್ಯಂತ ಅನುಕೂಲದ ಇಂಧನವೂ ಆಗಬಹುದು. ಇಡೀ ಮಾಲೆಯ ತಿರುಳು ನನ್ನ ಮಟ್ಟಿಗೆ ಇದೇ. ಆದರೆ ಉಪನ್ಯಾಸಕರು ಇದನ್ನು ಹೇಳಿಯೂ ಮುಂದಿನ ಪಾಠಗಳಲ್ಲಿ ಮರೆತಂತೆ ನಡೆದುಕೊಂಡರು.

ಪ್ಲುಟೋನಿಯಂ ಅನ್ನು ‘ಕೆಡಿಸುವ’ ಪಾಠ ಮಾಲೆಯ ಅತ್ಯುತ್ತಮ ಭಾಗ. ಹಾಸನದವರಿಗೆ ಕಾಫಿಪುಡಿ ಅಂಗಡಿಯ ಮಾತಿಗಿಂತ ಹತ್ತಿರದ ಹೋಲಿಕೆ ಬೇರೆ ಇಲ್ಲವೆಂದು ಅವರು ಅಲ್ಲಿಂದಲೇ ಶುರುಮಾಡಿದರು. ಚಿಕೋರಿ ಬೆರೆತ ಪುಡಿಯನ್ನು ಜರಡಿ ಹಿಡಿದು ಬೇರ್ಪಡಿಸಲಾಗದು, ಆದರೆ ಲೋಟದ ನೀರಿಗೆ ಉದುರಿಸಿದರೆ ಕಾಫಿ ತೇಲುತ್ತದೆ, ಚಿಕೋರಿ ಬಣ್ಣ ಬಿಡುತ್ತಾ ಮುಳುಗುತ್ತದೆ, ಏಕೆಂದರೆ ಅವೆರಡೂ ಬೇರೆ ಬೇರೆ ವಸ್ತುಗಳು. ಉರಿದ ಇಂಧನದಿಂದ ಪ್ಲುಟೋನಿಯಂ ಅನ್ನು ಆಮ್ಲದಲ್ಲಿ ಕರಗಿಸಿ ಬೇರ್ಪಡಿಸುವ ಮರುಸಂಸ್ಕರಣೆ ಈ ನೀರಿನ ಪರೀಕ್ಷೆಯ ಜಾತಿಯದು. ಪ್ಲುಟೋನಿಯಂಗೆ ಪ್ಲುಟೋನಿಯಂನ ಮತ್ತೊಂದು ಸಮಸ್ಥಾನಿಯನ್ನೇ ಬೆರೆಸಿಬಿಟ್ಟರೆ ಯಾವ ಆಮ್ಲಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಹಾಗೆ ಬೆರೆಸಲು ತಕ್ಕದ್ದು ಪ್ಲುಟೋನಿಯಂ-238. ಅದರ ಅರ್ಧಾಯು, ಅಂದರೆ ಅರ್ಧ ಪಾಲು ಕ್ಷಯಿಸಲು ಹಿಡಿಯುವ ಕಾಲ, 88 ವರ್ಷದ ಆಸುಪಾಸು, ಒಂದು ಕೆ.ಜಿ. ಸುಮಾರು 560 ವ್ಯಾಟ್ ಶಾಖ ಸೂಸುತ್ತದೆ, ಆದರೆ 239ರ ಒಂದು ಕೆ.ಜಿ. ಸೂಸುವುದು ಎರಡು ವ್ಯಾಟ್ ಅಷ್ಟೇ. ಶೇಕಡಾ ಕೆಲವು ಪಾಲು 238 ಸೇರಿದರೂ ಆ ಲೋಹದ ಗೋಳದ ಸುತ್ತ ಸಿಡಿಮದ್ದನ್ನು ಜೋಡಿಸಿಡುವುದೇ ತಲೆನೋವಾಗುತ್ತದೆ.

ಆಗ ಮುಖ್ಯ ನಿಯಂತ್ರಣ ಕೇಂದ್ರದಿಂದ ನಿವೃತ್ತರಾದ ಹಿರಿಯರೊಬ್ಬರು ಎದ್ದು, “ಸಾರ್, ವಾಯೇಜರ್ ನೌಕೆಗೆ ವಿದ್ಯುತ್ ಕೊಡೋದು ಇದೇ ಅಲ್ವಾ?” ಎಂದು ಕೇಳಿದರು. “ಇದೇ ಕಣ್ರೀ. 1977ರಲ್ಲಿ ಹಾಕಿದ್ದು, ಇನ್ನೂ ಬಿಸಿ ಇದೆ. ಆ ಬಿಸೀನೇ ನಮಗೆ ಬೇಕಾದ ಗುಣ” ಎಂದು ಉತ್ತರ ಬಂತು. ಬಾಹ್ಯಾಕಾಶದಲ್ಲಿ ವರವಾದ ಶಾಖ ಬಾಂಬು ಕಟ್ಟುವವನಿಗೆ ಅಡ್ಡಿಯಾಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ.

ಪ್ಲುಟೋನಿಯಂ-238 ಅನ್ನು ಹೊರಗಿನಿಂದ ತಂದು ಸೇರಿಸುವುದು ದುಬಾರಿ. ಆದ್ದರಿಂದ ಅದು ರಿಯಾಕ್ಟರಿನ ಒಳಗೇ ಹುಟ್ಟುವಂತೆ ಇಂಧನಕ್ಕೆ ಇನ್ನೊಂದು ಧಾತುವನ್ನು ಮೊದಲೇ ಬೆರೆಸುವ ಸಲಹೆಗಳಿವೆ. ಟೋಕಿಯೊ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಮಸಾಕಿ ಸೈಟೊ ಅವರ ಗುಂಪು ನೆಪ್ಟೂನಿಯಂ-237 ಬೆರೆಸುವ ದಾರಿಯನ್ನು ಮುಂದಿಟ್ಟಿತು. ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ಯಿಗಾಲ್ ರೋನೆನ್ ಅವರು ಅಮೆರಿಸಿಯಂ ಬೆರೆಸುವ ಸಲಹೆ ಕೊಟ್ಟರು. ನೆಪ್ಟೂನಿಯಂ ಒಂದು ನ್ಯೂಟ್ರಾನನ್ನು ಹೀರಿಕೊಂಡು ಎರಡು ದಿನಗಳ ಅರ್ಧಾಯುವಿನಲ್ಲಿ ನೇರವಾಗಿ ಪ್ಲುಟೋನಿಯಂ-238 ಆಗುತ್ತದೆ. ಅಮೆರಿಸಿಯಂ-241 ಮಾತ್ರ ಕ್ಯೂರಿಯಂ-242ರ ದಾರಿ ಹಿಡಿದು, 163 ದಿನಗಳ ಅರ್ಧಾಯುವಿನ ಮೂಲಕ, ತಡವಾಗಿ ಅದೇ ಊರಿಗೆ ಬರುತ್ತದೆ. ಕಪ್ಪುಹಲಗೆಯ ಮೇಲೆ ಈ ಎರಡು ಸರಪಳಿಗಳನ್ನು ಬಿಡಿಸಿದ ರೀತಿ ಎಷ್ಟು ಸ್ಪಷ್ಟವಾಗಿತ್ತೆಂದರೆ ನನ್ನ ಪಕ್ಕದಲ್ಲಿ ಕುಳಿತಿದ್ದ ಶಿಕ್ಷಕಿಯೊಬ್ಬರು ಅದನ್ನು ತಮ್ಮ ತರಗತಿಗೆಂದು ಹಾಗೆಯೇ ಬರೆದುಕೊಂಡರು.

ಇಲ್ಲಿ ಕೇಳಲೇಬೇಕಾಗಿದ್ದ ಎರಡು ಆಕ್ಷೇಪಗಳನ್ನು ಸಭಿಕರೇ ಎತ್ತಬೇಕಾಯಿತು. ಬೆರೆಸಿದ ನೆಪ್ಟೂನಿಯಂ ಅಥವಾ ಅಮೆರಿಸಿಯಂ ಬೇರೆಯೇ ಧಾತು; ಆದ್ದರಿಂದ ಇಂಧನ ಇನ್ನೂ ಹೊಸದಾಗಿರುವಾಗ ಅದನ್ನು ರಾಸಾಯನಿಕವಾಗಿ ಹೊರತೆಗೆಯಬಹುದು. ರಕ್ಷಣೆ ಶುರುವಾಗುವುದು ಇಂಧನ ಉರಿದ ಮೇಲೆ. ಅದಕ್ಕಿಂತ ಗಂಭೀರವಾದದ್ದು ಎರಡನೆಯದು: ನೆಪ್ಟೂನಿಯಂ-237 ತಾನೇ ಸ್ಫೋಟಕ ಸಾಧನಕ್ಕೆ ಬರಬಲ್ಲ ವಸ್ತು, ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಅದರ ಮೇಲೆ ಕಣ್ಣಿಟ್ಟಿದೆ. ಪ್ಲುಟೋನಿಯಂ ಅನ್ನು ಕೆಡಿಸಲೆಂದು ನೆಪ್ಟೂನಿಯಂ ಅನ್ನು ದೇಶದೇಶಕ್ಕೆ ಹಂಚುವುದು ಯಾವ ನ್ಯಾಯ? ಉಪನ್ಯಾಸಕರು ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ತಲೆದೂಗಿದರು, ಅಷ್ಟೇ.

ಇತಿಹಾಸದ ಭಾಗ ಚಿಕ್ಕದಾದರೂ ಗಟ್ಟಿಯಾಗಿತ್ತು. 1944ರಲ್ಲಿ ಲಾಸ್ ಅಲಾಮೋಸ್‌ನಲ್ಲಿ ಎಮಿಲಿಯೊ ಸೆಗ್ರೆ ಅವರ ತಂಡ ರಿಯಾಕ್ಟರಿನಿಂದ ಬಂದ ಪ್ಲುಟೋನಿಯಂನಲ್ಲಿ 240ರ ಸ್ವಯಂ ವಿದಳನ, ಅಂದರೆ ತಾನಾಗಿಯೇ ಒಡೆಯುವಿಕೆ, ಲೆಕ್ಕಕ್ಕಿಂತ ಬಹಳ ಹೆಚ್ಚಿರುವುದನ್ನು ಕಂಡಿತು. ಬಂದೂಕಿನ ಮಾದರಿಯ ಪ್ಲುಟೋನಿಯಂ ಬಾಂಬಿನ ಯೋಜನೆ ಅಲ್ಲಿಗೇ ಬಿದ್ದುಹೋಯಿತು. ಆದರೆ ಕೆಲಸ ನಿಲ್ಲಲಿಲ್ಲ. ಒಳಸಿಡಿತದ ವಿನ್ಯಾಸ ಹುಟ್ಟಿತು, ಮರು ವರ್ಷವೇ ನಾಗಸಾಕಿಯ ಮೇಲೆ ಸುಮಾರು ಆರು ಕೆ.ಜಿ. ಪ್ಲುಟೋನಿಯಂನ ಬಾಂಬು ಬಿತ್ತು. 1962ರಲ್ಲಿ ಅಮೆರಿಕ ರಿಯಾಕ್ಟರ್ ದರ್ಜೆಯದೆಂದು ಕರೆದ ಪ್ಲುಟೋನಿಯಂನಿಂದಲೂ ಒಂದು ಪರೀಕ್ಷೆ ನಡೆಸಿ, 1977ರಲ್ಲಿ ಅದನ್ನು ಬಹಿರಂಗಪಡಿಸಿತು. ಇದೇ ಕಾರಣಕ್ಕೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಪ್ಲುಟೋನಿಯಂನ ದರ್ಜೆ ನೋಡುವುದಿಲ್ಲ. ಒಂದು ಸಾಧನಕ್ಕೆ ಸಾಲಬಹುದಾದ ಪ್ರಮಾಣವೆಂದು ಅದು ಇಟ್ಟುಕೊಂಡಿರುವ 8 ಕೆ.ಜಿ.ಯ ಮಿತಿ ಎಲ್ಲ ಪ್ಲುಟೋನಿಯಂಗೂ ಒಂದೇ. ಪ್ಲುಟೋನಿಯಂ-238ರ ಪಾಲು ಶೇ 80 ದಾಟಿದ್ದಕ್ಕೆ ಮಾತ್ರ ವಿನಾಯಿತಿ. ಕೆಡಿಸಿದ ಪ್ಲುಟೋನಿಯಂ ಸಣ್ಣ ಗುಂಪೊಂದರ ಕೈ ಕಟ್ಟಿಹಾಕಬಹುದು. ಹತ್ತು ಪ್ರಯೋಗಶಾಲೆ, ನೂರು ಇಂಜಿನಿಯರುಗಳಿರುವ ಸರ್ಕಾರವನ್ನು ಅದು ತಡವಾಗಿಸುತ್ತದೆ, ತಡೆಯುವುದಿಲ್ಲ. ಯಾರ ವಿರುದ್ಧ, ಎಷ್ಟು ಕಾಲ ಎಂಬ ಎರಡು ಪ್ರಶ್ನೆ ಕೇಳದೆ ಯಾವ ಇಂಧನವನ್ನೂ ‘ಬಾಂಬ್ ನಿರೋಧಕ’ ಎಂದು ಕರೆಯಬಾರದೆಂಬ ಎಚ್ಚರ ನನಗೆ ಬಂದದ್ದು ಈ ಪಾಠದಿಂದ.

ಥೋರಿಯಂನ ಸಂಜೆಗೆ ಜನ ಹೆಚ್ಚು ಸೇರಿದ್ದರು. ಕೇರಳದ ಕಡಲತೀರದ ಥೋರಿಯಂ ತುಂಬಿದ ಮೊನಜೈಟ್ ಮರಳು, ಕೊನೆಗೆ ಥೋರಿಯಂ ಬಳಕೆಗೆ ಮುಟ್ಟುವ ಭಾಭಾ ಅವರ ಮೂರು ಹಂತಗಳ ಯೋಜನೆ ಎಂದರೆ ನಮ್ಮವರಿಗೆ ಸಹಜವಾದ ಅಭಿಮಾನ. ಥೋರಿಯಂ-232 ನ್ಯೂಟ್ರಾನನ್ನು ಹೀರಿ, ಪ್ರೊಟಾಕ್ಟಿನಿಯಂ-233ರ ಮೂಲಕ ಯುರೇನಿಯಂ-233 ಆಗುತ್ತದೆ. ಜೊತೆಯಲ್ಲೇ ಚೂರುಪಾರು ಯುರೇನಿಯಂ-232 ಹುಟ್ಟುತ್ತದೆ. ಅದರ ಸಂತಾನದಲ್ಲಿ ಬರುವ ಥ್ಯಾಲಿಯಂ-208 ಸೂಸುವ 2.6 ಎಂಇವಿ ಶಕ್ತಿಯ ತೀಕ್ಷ್ಣ ಗಾಮಾ ಕಿರಣ ದಪ್ಪ ಸೀಸದ ಮರೆಯನ್ನೇ ಬೇಡುತ್ತದೆ, ದೂರದಿಂದಲೇ ಪತ್ತೆಯಾಗುತ್ತದೆ. ಜೊತೆಗೆ ಯುರೇನಿಯಂ-238 ಬೆರೆಸಿದ್ದರೆ 233 ಅದರಲ್ಲಿ ತೆಳುವಾಗಿ ಅಡಗಿಹೋಗುತ್ತದೆ. ಇವೆರಡೂ ನಿಜವಾದ ಅಡ್ಡಿಗಳು. ಆದರೆ 1955ರಲ್ಲೇ ಅಮೆರಿಕ ಯುರೇನಿಯಂ-233 ಬಳಸಿದ ಸಾಧನವೊಂದನ್ನು ಪರೀಕ್ಷಿಸಿತ್ತು ಎಂಬುದನ್ನೂ, ಪ್ರೊಟಾಕ್ಟಿನಿಯಂ-233 ಅನ್ನು ಅದರ 27 ದಿನಗಳ ಅರ್ಧಾಯುವಿನ ಅವಧಿಯಲ್ಲಿ ರಾಸಾಯನಿಕವಾಗಿ ಬೇರ್ಪಡಿಸಿಕೊಂಡರೆ ಹೆಚ್ಚು ಶುದ್ಧವಾದ 233 ಸಿಗಬಹುದು ಎಂಬುದನ್ನೂ ಅಷ್ಟೇ ಒತ್ತಿ ಹೇಳಬೇಕಿತ್ತು. ಗಟ್ಟಿ ಗುಳಿಗೆಗಳ ಇಂಧನದಲ್ಲಿ ಆ ಕೆಲಸ ಕಷ್ಟ, ದ್ರವ ಇಂಧನದಲ್ಲಿ ಅಷ್ಟು ಕಷ್ಟವಲ್ಲ. ಥೋರಿಯಂನಿಂದ ಬಾಂಬು ಮಾಡಲಾಗದು ಎಂಬ ಮಾತು ವಾಟ್ಸ್‌ಆ್ಯಪಿನಲ್ಲಿ ಹರಿದಾಡುವ ಕಾಲದಲ್ಲಿ ಇಂಥ ತರಗತಿಯಿಂದಲೂ ಜನ ಅದೇ ನಂಬಿಕೆ ಹೊತ್ತು ಮನೆಗೆ ಹೋಗಬಾರದು.

ಇದೇ ಸಂಜೆ ‘ಅನಿಲ್’ ಎಂಬ ಇಂಧನದ ಪರಿಚಯವಾಯಿತು. ಅಣುಶಕ್ತಿ ಆಯೋಗದ ಮಾಜಿ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಅವರ ಹೆಸರನ್ನು ನೆನಪಿಸುವ ಈ ಇಂಧನವನ್ನು ಅಮೆರಿಕದ ಕ್ಲೀನ್ ಕೋರ್ ಥೋರಿಯಂ ಎನರ್ಜಿ ಎಂಬ ಕಂಪನಿ ರೂಪಿಸಿದೆ. ಐಡಹೊ ರಾಷ್ಟ್ರೀಯ ಪ್ರಯೋಗಾಲಯದ ಪರೀಕ್ಷಾ ರಿಯಾಕ್ಟರಿನಲ್ಲಿ 2024ರಿಂದ ಇದರ ಗುಳಿಗೆಗಳನ್ನು ಉರಿಸಿ ನೋಡಲಾಗಿದೆ. ನಾವು ಕೈಯಲ್ಲಿ ಹಿಡಿದು ನೋಡಿದಂಥ ಭಾರಜಲ ರಿಯಾಕ್ಟರಿನ ಬಂಡಲುಗಳಲ್ಲೇ, ನೈಸರ್ಗಿಕ ಯುರೇನಿಯಂನ ಬದಲು ಥೋರಿಯಂ ಮತ್ತು ಶೇ 5ರಿಂದ 20ರ ನಡುವೆ ಸಂವರ್ಧನೆ ಮಾಡಿದ ಯುರೇನಿಯಂನ ಮಿಶ್ರಣ ತುಂಬುವುದು ಇದರ ಕಲ್ಪನೆ. ನೈಸರ್ಗಿಕ ಯುರೇನಿಯಂ ಬಂಡಲು ಟನ್ನಿಗೆ ಸುಮಾರು 7,000 ಮೆಗಾವ್ಯಾಟ್-ದಿನದಷ್ಟು ಶಕ್ತಿ ಕೊಟ್ಟು ಹೊರಬರುತ್ತದೆ. ಇದು ಅದರ ಹಲವು ಪಟ್ಟು ಉರಿಯಬೇಕೆಂಬ ಗುರಿ. ಅಷ್ಟು ಕಾಲ ಉರಿದ ಇಂಧನದಲ್ಲಿ ಪ್ಲುಟೋನಿಯಂ ಕಡಿಮೆ, ಇರುವುದೂ ಕಲಬೆರಕೆ. ಯುರೇನಿಯಂ-233 ಕೂಡ ಯುರೇನಿಯಂ-238ರ ನಡುವೆ ತೆಳುವಾಗಿ, ಯುರೇನಿಯಂ-232ರ ಕಾವಲಿನಲ್ಲಿ ಇರುತ್ತದೆ. ಉರಿದ ಇಂಧನದ ದೃಷ್ಟಿಯಿಂದ ಇದು ಈಗಿನ ಬಂಡಲಿಗಿಂತ ನಿಸ್ಸಂದೇಹವಾಗಿ ಮೇಲು.

ತರಗತಿಯ ಟಿಪ್ಪಣಿ ಪುಸ್ತಕದ ಕೋಷ್ಟಕ ಇದಕ್ಕೆ ಐದಕ್ಕೆ ಐದು ನಕ್ಷತ್ರ ಕೊಟ್ಟುಬಿಟ್ಟಿದೆ. ನೈಸರ್ಗಿಕ ಯುರೇನಿಯಂಗೆ ಎರಡು. ನನ್ನ ಮುಖ್ಯ ತಕರಾರು ಈ ಕೋಷ್ಟಕದ ಮೇಲೆಯೇ. ಮೊದಲ ಸಂಜೆ ಮಣಿಗಳ ತಟ್ಟೆಯಲ್ಲಿ ಶೇ 20ರ 35 ಮಣಿಗಳಿಂದ ಬಾಂಬಿನ ಮಟ್ಟಕ್ಕೆ ಹೋಗಲು 27 ಮಣಿ ತೆಗೆದರೆ ಸಾಕು ಎಂದು ತೋರಿಸಿದವರೇ, ಅದೇ ಮಟ್ಟದ ಹತ್ತಿರದ ಯುರೇನಿಯಂ ತುಂಬಿದ ಹೊಸ ಬಂಡಲುಗಳು ಲಾರಿಯಲ್ಲಿ, ಹಡಗಿನಲ್ಲಿ, ಗೋದಾಮಿನಲ್ಲಿ ಓಡಾಡುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 2024ರ ಜೂನ್‌ನಲ್ಲಿ ಸ್ಕಾಟ್ ಕೆಂಪ್, ಎಡ್ವಿನ್ ಲೈಮನ್, ಮಾರ್ಕ್ ಡೈನರ್ಟ್, ರಿಚರ್ಡ್ ಗಾರ್ವಿನ್, ಫ್ರಾಂಕ್ ಫಾನ್ ಹಿಪ್ಪೆಲ್ ಈ ಐವರು ‘ಸೈನ್ಸ್’ ಪತ್ರಿಕೆಯಲ್ಲಿ, ಶೇ 20ಕ್ಕಿಂತ ಕೆಳಗಿನದೆಲ್ಲ ಸುರಕ್ಷಿತ ಎಂಬ ಹಳೆಯ ಗೆರೆಯನ್ನು ಪ್ರಶ್ನಿಸಿ, ಮಿತಿಯನ್ನು ಶೇ 12ರ ಆಸುಪಾಸಿಗೆ ಇಳಿಸುವ ಸಲಹೆ ಮುಂದಿಟ್ಟರು. ಗಾರ್ವಿನ್ ಮೊದಲ ಹೈಡ್ರೋಜನ್ ಬಾಂಬಿನ ವಿನ್ಯಾಸ ಮಾಡಿದವರು. ಅವರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ನಕ್ಷತ್ರಗಳ ಬದಲು ಎರಡು ಅಂಕಣ ಇರಬೇಕಿತ್ತು: ಇಂಧನ ಹೊಸದಾಗಿದ್ದಾಗ ಎಷ್ಟು ಕಷ್ಟ, ಉರಿದ ಮೇಲೆ ಎಷ್ಟು ಕಷ್ಟ. ಆಗ ನೈಸರ್ಗಿಕ ಯುರೇನಿಯಂ ಮೊದಲ ಅಂಕಣದಲ್ಲಿ ಮೇಲೆ, ಎರಡನೆಯದರಲ್ಲಿ ಕೆಳಗೆ ಕಾಣುತ್ತಿತ್ತು. ಥೋರಿಯಂ ಮಿಶ್ರಣದ್ದು ಅದಲು ಬದಲು. ಒಂದು ಕಡೆ ಬಿಗಿ ಮಾಡಿದಾಗ ಇನ್ನೊಂದು ಕಡೆ ಸಡಿಲವಾಗುವುದನ್ನು ಮುಚ್ಚಿಡುವ ಕೋಷ್ಟಕ ಈ ವಿಷಯದಲ್ಲಿ ಕೇವಲ ಅಪೂರ್ಣವಲ್ಲ, ಅಪಾಯಕಾರಿ.

ಈ ಎರಡೂ ಸಡಿಲುಗಳನ್ನು ಕಾಯುವುದು ತಪಾಸಣೆಯ ಕೆಲಸ. ಅದಕ್ಕೆ ಸಿಕ್ಕಿದ್ದು ಕೊನೆಯ ಸಂಜೆಯ ಕೊನೆಯ ಅರ್ಧ ಗಂಟೆ, ಅದೂ ಕರೆಂಟು ಹೋಗಿ ಬಂದ ನಂತರ. ಎಷ್ಟು ಸಾರವತ್ತಾದ ಪಾಠವಾಗಬಹುದಿತ್ತು! ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಕರು ಉರಿದ ಇಂಧನದ ಕೊಳದ ದಡದಲ್ಲಿ ನಿಂತು ವಿಶೇಷ ದರ್ಶಕದ ಮೂಲಕ ವಿಕಿರಣದಿಂದ ನೀರಿನೊಳಗೆ ಹೊಮ್ಮುವ ನೀಲಿ ಚೆರೆಂಕೋವ್ ಬೆಳಕನ್ನು ನೋಡಿ, ಅಲ್ಲಿರುವುದು ನಿಜವಾಗಿ ಉರಿದ ಇಂಧನವೇ, ಯಾರೋ ಇಟ್ಟ ಡಮ್ಮಿಯೇ ಎಂದು ಗುರುತಿಸುತ್ತಾರೆ. ಪೆಟ್ಟಿಗೆಗಳಿಗೆ ಮುದ್ರೆ, ಬಾಗಿಲಿಗೆ ಕ್ಯಾಮೆರಾ, ಭಾರಜಲ ರಿಯಾಕ್ಟರುಗಳಲ್ಲಿ ಹೊರಬೀಳುವ ಬಂಡಲುಗಳನ್ನು ಎಣಿಸುವ ಸಾಧನ. ಬೇರ್ಪಡಿಸಿಟ್ಟ ಪ್ಲುಟೋನಿಯಂ ಒಂದು ಸಾಧನಕ್ಕಾಗುವಷ್ಟು ಕಾಣೆಯಾದರೆ ಒಂದು ತಿಂಗಳೊಳಗೆ, ಉರಿದ ಇಂಧನದಲ್ಲಿರುವುದಾದರೆ ಮೂರು ತಿಂಗಳೊಳಗೆ, ಕಡಿಮೆ ಸಂವರ್ಧನೆಯ ಯುರೇನಿಯಂ ಆದರೆ ಒಂದು ವರ್ಷದೊಳಗೆ ಗೊತ್ತಾಗಬೇಕೆಂಬುದು ಅವರ ಗುರಿ. ಈ ಮೂರು ಅವಧಿಗಳನ್ನು ಇಂಧನದ ಗುಣಗಳ ಪಕ್ಕ ಇಟ್ಟು ನೋಡಿದರೆ ಇಂಧನವನ್ನು ‘ಕಷ್ಟಗೊಳಿಸುವುದರ’ ಅರ್ಥವೇ ತಿಳಿಯಾಗುತ್ತದೆ: ಕದ್ದವನಿಗೆ ಬೇಕಾಗುವ ಸಮಯ, ಕಾಯುವವನಿಗೆ ಗೊತ್ತಾಗುವ ಸಮಯಕ್ಕಿಂತ ಹೆಚ್ಚಾಗಿರಬೇಕು. ಇಂಧನ ವಿನ್ಯಾಸ ಗಳಿಸಿಕೊಡುವುದು ಆ ಸಮಯವನ್ನು. ಕಾಯುವವನೇ ಇಲ್ಲದ ಕಡೆ ಆ ಸಮಯದಿಂದ ಪ್ರಯೋಜನವಿಲ್ಲ.

ಹೀಗಿರುವಾಗ ಕೈಗಾದ ಪ್ರಶ್ನೆ ಬರಲೇಬೇಕಿತ್ತು, ಬಂತು. ನಾಗರಿಕ ಮತ್ತು ಸೇನಾ ಸ್ಥಾವರಗಳನ್ನು ಬೇರ್ಪಡಿಸುವ 2006ರ ವಿಂಗಡಣೆ ಯೋಜನೆಯಲ್ಲಿ ಭಾರತ 22 ರಿಯಾಕ್ಟರುಗಳ ಪೈಕಿ 14ನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಿತು. ಹೊರಗುಳಿದ ಎಂಟರಲ್ಲಿ ಕೈಗಾದ ನಾಲ್ಕೂ ಘಟಕಗಳಿವೆ. ಬೆಳೆಗಾರರೊಬ್ಬರು, “ಹಾಗಾದ್ರೆ ನಮ್ಮ ಉತ್ತರ ಕನ್ನಡದ ರಿಯಾಕ್ಟರಿಗೆ ಈ ಪಾಠ ಎಲ್ಲ ಅನ್ವಯ ಆಗುತ್ತಾ ಸಾರ್?” ಎಂದು ನೇರವಾಗಿಯೇ ಕೇಳಿದರು. ಅದು ನೀತಿಯ ವಿಚಾರ, ನಾವು ವಿಜ್ಞಾನಕ್ಕೆ ಸೀಮಿತವಾಗೋಣ ಎಂಬ ಉತ್ತರ ನನಗೆ ಸಮಾಧಾನ ತರಲಿಲ್ಲ. 1974ರ ಮೇ 18ರ ಪೋಖರಣ್ ಪರೀಕ್ಷೆಯ ಪ್ಲುಟೋನಿಯಂ ಬಂದದ್ದು ಕೆನಡಾ ಕೊಟ್ಟ ಸೈರಸ್ ರಿಯಾಕ್ಟರಿನಿಂದ; ಅದರ ಭಾರಜಲ ಅಮೆರಿಕದ್ದು, ಇಂಧನ ನೈಸರ್ಗಿಕ ಯುರೇನಿಯಂ, ಒಪ್ಪಂದದಲ್ಲಿ ಇದ್ದದ್ದು ಶಾಂತಿಯುತ ಬಳಕೆಯ ಮಾತು. ಅಣು ಸಾಮಗ್ರಿಯ ರಫ್ತಿಗೆ ಕಡಿವಾಣ ಹಾಕುವ ದೇಶಗಳ ಕೂಟವಾದ ಪರಮಾಣು ಪೂರೈಕೆದಾರರ ಗುಂಪು ಹುಟ್ಟಿದ್ದೇ ಆ ಪರೀಕ್ಷೆಯ ಬೆನ್ನಿಗೆ. ಜಗತ್ತು ಈ ವಿಷಯ ಕಲಿತದ್ದೇ ನಮ್ಮ ಉದಾಹರಣೆಯಿಂದ ಎಂದಮೇಲೆ ಅದನ್ನು ಒಂದು ವಾಕ್ಯದಲ್ಲಿ ದಾಟಿಹೋಗಬಾರದು. ಭಾರತದಂಥ, ಈಗಾಗಲೇ ಅಣ್ವಸ್ತ್ರವಿರುವ ದೇಶದಲ್ಲಿ ಇಂಧನವನ್ನು ಕಷ್ಟಗೊಳಿಸುವುದರ ಉದ್ದೇಶ ಸರ್ಕಾರವನ್ನು ತಡೆಯುವುದಲ್ಲ. ಕಳವು ತಡೆಯುವುದು, ನಾಳೆ ನಾವು ಬೇರೆ ದೇಶಕ್ಕೆ ರಿಯಾಕ್ಟರು ಮಾರಿದರೆ ಅಲ್ಲಿ ದುರ್ಬಳಕೆ ಆಗದಂತೆ ನೋಡಿಕೊಳ್ಳುವುದು. ಇದನ್ನು ಹೇಳಲು ರಾಜಕೀಯ ಬೇಕಿಲ್ಲ, ಧೈರ್ಯ ಸಾಕು. ಉಳಿದೆಲ್ಲ ಕಡೆ ಅಷ್ಟು ನೇರವಾಗಿದ್ದವರಿಂದ ನಾನು ಇದನ್ನು ನಿರೀಕ್ಷಿಸಿದ್ದೆ.

ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಭಾಂಗಣದ ತಗಡಿನ ಮಾಡಿನ ಮೇಲೆ ಮಳೆ ಬಿದ್ದಾಗ ಹಿಂದಿನ ಸಾಲಿನವರಿಗೆ ಏನೂ ಕೇಳಿಸುತ್ತಿರಲಿಲ್ಲ, ಮೈಕಿನ ವ್ಯವಸ್ಥೆ ಇನ್ನೂ ಚೆನ್ನಾಗಿರಬೇಕು. ಮಧ್ಯದಲ್ಲಿ ಕೊಟ್ಟ ಕಾಫಿ, ಕೋಡುಬಳೆ ಶುಲ್ಕದಲ್ಲೇ ಸೇರಿತ್ತು. ಪಾಠದ ಕನ್ನಡ ಸರಳವಾಗಿತ್ತು. ನ್ಯೂಟ್ರಾನ್, ಪ್ಲುಟೋನಿಯಂ, ಬಂಡಲ್ ಎಂಬ ಮಾತುಗಳನ್ನು ಹಾಗೆಯೇ ಇಟ್ಟುಕೊಂಡು ಉಳಿದದ್ದನ್ನೆಲ್ಲ ಮನೆಯ ಮಾತಿನಲ್ಲಿ ಹೇಳಿದ್ದರಿಂದ ವಿಜ್ಞಾನ ಓದದವರೂ ಕೊನೆಯ ತನಕ ಕುಳಿತರು. ಟಿಪ್ಪಣಿ ಪುಸ್ತಕಕ್ಕೆ ಬೇರೆ 60 ರೂಪಾಯಿ. ಸಮಸ್ಥಾನಿಗಳ ಸರಪಳಿ ಚಿತ್ರಗಳಿಗಾಗಿಯಾದರೂ ಕೊಳ್ಳಬಹುದು, ಆದರೆ ನಕ್ಷತ್ರದ ಕೋಷ್ಟಕವಿರುವ ಪುಟವನ್ನು ಶಿಕ್ಷಕರು ಮಕ್ಕಳಿಗೆ ಹಾಗೆಯೇ ಹಂಚಬಾರದೆಂದು ವಿನಂತಿ.

ನಡೆಸುವವರಿಗೆ ನನ್ನ ಕೋರಿಕೆ ಇಷ್ಟು. ತಪಾಸಣೆಗೆ ಒಂದು ಪೂರ್ತಿ ಸಂಜೆ ಕೊಡಿ, ಸಾಧ್ಯವಾದರೆ ಥೋರಿಯಂಗಿಂತ ಮೊದಲೇ ಕೊಡಿ. ಕೋಷ್ಟಕವನ್ನು ಎರಡು ಅಂಕಣಗಳಾಗಿ ಒಡೆಯಿರಿ. ಸೈರಸ್ ಮತ್ತು ಕೈಗಾದ ಬಗ್ಗೆ ಪ್ರಶ್ನೆ ಬರುವ ಮುನ್ನ ನೀವೇ ಮಾತಾಡಿ. ಪಿಯುಸಿ ವಿದ್ಯಾರ್ಥಿಗಳಿಗೆ, ವಿಜ್ಞಾನ ಶಿಕ್ಷಕರಿಗೆ, ಕೈಗಾ ವಿಸ್ತರಣೆಯ ಸುದ್ದಿ ಓದಿ ಏನೆಂದು ತಿಳಿಯದೆ ಚಿಂತಿಸುವವರಿಗೆ ಈ ಮಾಲೆಯನ್ನು ಮನಸ್ಸಾರೆ ಶಿಫಾರಸು ಮಾಡುತ್ತೇನೆ. ಬಿಡಿ ಸಂಜೆಗೂ ಪ್ರವೇಶವಿದೆ. ಒಂದೇ ದಿನ ಬರಲು ಸಾಧ್ಯವಾಗುವವರು ಪ್ಲುಟೋನಿಯಂ ಪಾಠದ ದಿನ ಬನ್ನಿ, ಮಳೆಯ ಸದ್ದಿನ ಕಾರಣಕ್ಕೆ ಮುಂದಿನ ಸಾಲಿನಲ್ಲೇ ಜಾಗ ಹಿಡಿಯಿರಿ.